ಕೈ ಎತ್ತಿಸಿ ಕೇಳಿದರೆ ನಾವು ಏನಂತ ಹೇಳಬೇಕು?

ಇವತ್ತಿನ ಮೀಟಿಂಗಿನಿಂದ ಎದ್ದು ಬಂದಾಗಿನಿಂದ ತಲೆ ಕಾದಿದೆ. ಬರೆದೇ ಬಿಡುತ್ತೇನೆ.

"ಆಫೀಸಿನ ವಾತಾವರಣ ಹೇಗಿದೆ, ಕೆಲಸ ಹೇಗೆ ನಡೀತಿದೆ, ಕೈ ಎತ್ತಿ ಹೇಳಿ" ಅಂದರು ಸಾಹೇಬರು. ಮುಂದಿನ ಸಾಲಿನ ಗಂಡಸರು ಒಬ್ಬರಾದ ಮೇಲೆ ಒಬ್ಬರು "ಛಲೋ ಅದ ಸರ್, ಮನಿ ಇದ್ದಂಗ ಅದ, ಕೆಲಸಾನೂ ಚುರುಕ ನಡದದ" ಅಂದರು. ಹಿಂದಿನ ಸಾಲಿನಲ್ಲಿ ನಾವು ಹೆಂಗಸರು ಮುಖ ಮುಖ ನೋಡಿಕೊಂಡೆವು. "ಎಲ್ಲರಿಗೂ ತೃಪ್ತಿ ಇದೆ" ಅಂತ ನಡಾವಳಿಯಲ್ಲಿ ಬರೆದುಕೊಂಡರು. ಮುಗೀತು.

ಆ ಗಂಡಸರು ಸುಳ್ಳು ಹೇಳಿಲ್ಲ. ಅವರಿಗೆ ಆಫೀಸು ಹಾಗೇ ಕಾಣುತ್ತೆ. ಏಪ್ರಿಲ್, ಮೇ ಬಂತು ಅಂದರೆ ನಮ್ಮ ಕಲಬುರಗಿಯಲ್ಲಿ ಸರ್ಕಾರಿ ಕಚೇರಿ ಬೆಳಗ್ಗೆ 8ರಿಂದ 1.30ರವರೆಗೆ. ಅವರಿಗೆ ಊಟಕ್ಕೆ ಮನೆ, ಆಮೇಲೆ ಕೂಲರ್ ಮುಂದೆ ನಿದ್ದೆ. ಆಳಂದದಿಂದ ಬಸ್ಸಿಗೆ ಬರೋ ನನ್ನ ಗೆಳತಿ ನಾಲ್ಕೂವರೆಗೇ ಏಳುತ್ತಾಳೆ. ರೊಟ್ಟಿ ಬಡಿದು, ಮಧ್ಯಾಹ್ನದ ಪಲ್ಯನೂ ಮಾಡಿಟ್ಟು ಬಸ್ ಹಿಡಿಯಬೇಕು. ಇಲ್ಲಿ ಬಂದರೆ ನೀರು ಕುಡಿಯೋಕೂ ಲೆಕ್ಕ. ಹೆಂಗಸರ ಶೌಚಾಲಯದ ನಲ್ಲಿಯಲ್ಲಿ ನೀರಿಲ್ಲ, ಬಾಗಿಲಿಗೆ ಚಿಲಕ ಕೂಡೋದಿಲ್ಲ. 42 ಡಿಗ್ರಿ ಬಿಸಿಲಲ್ಲಿ ಅವಳು ತಂದ ಬಾಟಲಿ ತುಂಬಿದ್ದು ತುಂಬಿದ ಹಾಗೇ ವಾಪಸ್ ಹೋಗುತ್ತೆ. ಯಾರ ಮನೆ ಹೀಗಿರುತ್ತೆ ಹೇಳಿ?

"ಕೆಲಸ ಚುರುಕಾಗಿದೆ" ಅನ್ನೋದೂ ಅಷ್ಟೇ. ಯಾವ ಫೈಲ್ ಮೊದಲು, ಯಾರಿಗೆ ಯಾವ ಶಾಖೆ, ಎಲ್ಲ ಗೇಟಿನ ಹೊರಗೆ ಚಹಾ ಅಂಗಡಿಯಲ್ಲೇ ತೀರ್ಮಾನ ಆಗಿರುತ್ತೆ. ನಮಗೆ ಗೊತ್ತಾಗೋದು ಮರುದಿನ, ಮೇಜಿನ ಮೇಲೆ ಫೈಲ್ ಬಿದ್ದಾಗ. ಅವರಿಗೆ ಚುರುಕು ಅನ್ನಿಸಿದ್ದು ನಮಗೆ ಗೊಂದಲ.

"ನೀವೇ ಬಾಯಿ ಬಿಡಲಿಲ್ಲವಲ್ಲ ಮೇಡಂ" ಅಂದರು ಒಬ್ಬ ಸಹೋದ್ಯೋಗಿ. ಹೌದು, ಬಿಡಲಿಲ್ಲ. ರಜೆ ಮಂಜೂರು ಮಾಡೋರ ಎದುರಿಗೆ, ಅಷ್ಟೊಂದು ಗಂಡಸರ ಮಧ್ಯೆ ಎದ್ದು ನಿಂತು ಶೌಚಾಲಯದ ಚಿಲಕದ ಮಾತು ಆಡೋದು ಅಷ್ಟು ಸುಲಭ ಅಲ್ವಲ್ಲ. ಹೊರಗುತ್ತಿಗೆಯ ಹುಡುಗಿ ಮಾತಾಡಿದರೆ ಮುಂದಿನ ತಿಂಗಳು ಅವಳಿಗೆ ಕೆಲಸ ಇರುತ್ತಾ? ಸುಮ್ನೆ ಕೂತಿದ್ದನ್ನು ಒಪ್ಪಿಗೆ ಅಂತ ಬರೆದುಕೊಂಡಿದ್ದು ನನಗೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟು ತರಿಸಿದೆ.

2013ರ ಕಾಯ್ದೆ ಪ್ರಕಾರ 10 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡೋ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಬೇಕು. ಅದಕ್ಕೆ ಹಿರಿಯ ಮಹಿಳೆಯೇ ಅಧ್ಯಕ್ಷೆ ಆಗಿರಬೇಕು. ನಮ್ಮಲ್ಲೂ ಗೋಡೆಗೆ ಬೋರ್ಡು ಹಾಕಿದ್ದಾರೆ. ಬೋರ್ಡಿನಲ್ಲಿರೋ ಅಧ್ಯಕ್ಷೆ ವರ್ಗವಾಗಿ ಹೋಗಿ ಎಷ್ಟೋ ಕಾಲ ಆಯಿತು. ಗಂಡಸರನ್ನು ಕೇಳಿ, "ಸಮಿತಿ ಅದ ಅಲ್ರೀ" ಅಂತಾರೆ. ದೂರು ಹಿಡಿದು ಯಾರ ಹತ್ತಿರ ಹೋಗಬೇಕು ಅನ್ನೋದು ನಮಗೆ ಗೊತ್ತಿಲ್ಲ.

ಮತ್ತೆ ಕೇಳಲಿ. ಹೆಸರಿಲ್ಲದ ಚೀಟಿಯಲ್ಲಿ ಕೇಳಲಿ. ಹೆಂಗಸರ ಚೀಟಿ ಬೇರೆ, ಗಂಡಸರದು ಬೇರೆ ಎಣಿಸಲಿ. ಎಲ್ಲ ಬೆರೆಸಿ ಸರಾಸರಿ ತೆಗೆದರೆ ಜಾಸ್ತಿ ಇರೋ ಗಂಡಸರ ಉತ್ತರವೇ ಮತ್ತೆ ಬರುತ್ತೆ. ನಾಳೆ ಇದನ್ನೇ ಅರ್ಜಿ ಬರೆದು ಕೊಡುತ್ತಿದ್ದೇನೆ. ನಮ್ಮ ಸಾಲಿನ ಕಾಯಂ ನೌಕರರೆಲ್ಲ ಸಹಿ ಹಾಕುತ್ತೇವೆ ಅಂದಿದ್ದಾರೆ. ಹೊರಗುತ್ತಿಗೆಯ ಹುಡುಗಿಯರಿಗೆ ಮಾತ್ರ ಸಹಿ ಬೇಡ ಅಂದಿದ್ದೇನೆ.