ಕೊಂಕಣ ಸುತ್ತಿ ಮೇಜಿಗೆ ಬಂದ ಫೋಟೋ

ಫೋನೂ ಲ್ಯಾಪ್‌ಟಾಪೂ ಇರೋದು ಒಂದೇ ಮೇಜಿನ ಮೇಲೆ. ನಡುವೆ ಒಂದು ಕಾಫಿ ಲೋಟ ಇಡುವಷ್ಟು ಜಾಗ, ಅಷ್ಟೇ. ಆದರೂ ಫೋನಿನ ಫೋಟೋ ಲ್ಯಾಪ್‌ಟಾಪಿಗೆ ಬರಬೇಕಾದರೆ ವಾಟ್ಸ್ಯಾಪ್ ಹತ್ತಿ, ಯಾವುದೋ ದೇಶದ ಸರ್ವರಿಗೆ ಹೋಗಿ, ಅಲ್ಲಿಂದ ಇಳಿದು ಮತ್ತೆ ನಮ್ಮ ಮನೆ ವೈಫೈ ಹಿಡಿದು ಬರಬೇಕು. ಕೊಂಕಣ ಸುತ್ತಿ ಮೈಲಾರಕ್ಕೆ ಬಂದರು ಅಂತ ಹಿರಿಯರು ಸುಮ್ನೆ ಹೇಳಲಿಲ್ಲ.

ನಮ್ಮ ಮೇಲಿನ ಮನೆಯಲ್ಲಿರೋ ದೊಡ್ಡಪ್ಪ ಈ ಕೊಂಕಣ ಯಾತ್ರೆಯಲ್ಲಿ ಪಳಗಿದವರು. ಆಧಾರ್ ಕಾರ್ಡಿನ ಪ್ರಿಂಟ್ ಬೇಕಿತ್ತು. ಫೋನಿನಲ್ಲಿ ಫೋಟೋ ತೆಗೆದರು, ಕಂಪ್ಯೂಟರಿನಲ್ಲಿ ವಾಟ್ಸ್ಯಾಪ್ ವೆಬ್ ತೆಗೆದರು, ಫೋಟೋವನ್ನು ನೇರವಾಗಿ ಫ್ಯಾಮಿಲಿ ಗ್ರೂಪಿಗೆ ಹಾಕಿದರು. "ಗ್ರೂಪಿಗೆ ಹಾಕಿದ್ರೆ ಕಂಪ್ಯೂಟರಲ್ಲೂ ಕಾಣುತ್ತಲ್ವಾ?" ಅನ್ನೋದು ಅವರ ವಾದ. ತಪ್ಪೇನಿಲ್ಲ, ಕಾಣುತ್ತೆ. ನೆಂಟರಿಗೆಲ್ಲಾ ಕಾಣುತ್ತೆ. ಮೊದಲು ನಾಲ್ಕು ಜನ ಕೈ ಮುಗಿದರು. ಆಮೇಲೆ ಹುಬ್ಬಳ್ಳಿಯ ಚಿಕ್ಕಮ್ಮ "ಯಾಕೆ ಭಾವ ಇಷ್ಟು ಸೊರಗಿದ್ದೀರಿ, ಹುಷಾರಿಲ್ವಾ?" ಅಂತ ಕೇಳಿದರು. ಆಧಾರ್ ಫೋಟೋದಲ್ಲಿ ಹುಷಾರಾಗಿ ಕಾಣೋರು ಯಾರಿದ್ದಾರೆ ಹೇಳಿ.

ಇಷ್ಟೆಲ್ಲಾ ಆದಮೇಲೂ ಪ್ರಿಂಟ್ ಮಸುಕು. ವಾಟ್ಸ್ಯಾಪ್‌ನಲ್ಲಿ ಸಾದಾ ಫೋಟೋ ಕಳಿಸಿದರೆ ಅದು ಕುಗ್ಗಿಸಿಯೇ ಕಳಿಸುತ್ತೆ. ಆಧಾರ್ ನಂಬರಿನ 3 ಯಾವುದು, 8 ಯಾವುದು ಗೊತ್ತಾಗಲ್ಲ. ಇದ್ದದ್ದು ಇದ್ದಹಾಗೇ ಹೋಗಬೇಕು ಅಂದ್ರೆ ಆ ಪಿನ್ ಗುರುತು ಒತ್ತಿ 'ಡಾಕ್ಯುಮೆಂಟ್' ಅಂತ ಕಳಿಸಬೇಕು. ನಿಮಗೆ ನೀವೇ ಮೆಸೇಜ್ ಕಳಿಸಿಕೊಳ್ಳೋ ಸೌಲಭ್ಯ ಕೂಡ 2022ರಿಂದ ಇದೆ, ಗ್ರೂಪಿನ ಹಂಗು ಬೇಡ. ಇದನ್ನು ಹೇಳಿದರೆ ದೊಡ್ಡಪ್ಪ "ನನಗೆ ನಾನೇ ಮೆಸೇಜ್ ಮಾಡ್ಕೊಳ್ಳೋಕೆ ತಲೆ ಕೆಟ್ಟಿದೆಯೇನೇ?" ಅಂದರು.

ಸರಿ, ವೈರು ಹಾಕೋಣ ಅಂತ ಕೂತೆ. ನನ್ನ ಪ್ರಕಾರ ಇದಕ್ಕಿಂತ ಒಳ್ಳೇ ದಾರಿ ಇನ್ನೂ ಬಂದಿಲ್ಲ, ಯಾರು ಏನೇ ಹೇಳಲಿ. ನೆಟ್ ಬೇಡ, ಡೇಟಾ ಖರ್ಚಿಲ್ಲ, ಚಿಕ್ಕಮ್ಮನಿಗೆ ಗಾಬರಿಯೂ ಇಲ್ಲ. ದೊಡ್ಡಪ್ಪ ಟಿವಿ ಕೆಳಗಿನ ಡ್ರಾಯರ್ ಎಳೆದರು. ಟ್ರಿಮ್ಮರಿನ ಜೊತೆ ಬಂದ ವೈರು, ಬಸ್ ಸ್ಟ್ಯಾಂಡಿನಲ್ಲಿ ಕೊಂಡ ವೈರು, ಯಾರೋ ನೆಂಟರು ಮರೆತು ಹೋದ ವೈರು, ಎಲ್ಲಾ ಒಂದಕ್ಕೊಂದು ಗಂಟು ಬಿದ್ದಿದ್ದವು. ಟ್ರಿಮ್ಮರಿನದ್ದೇ ಮೊದಲು ಕೈಗೆ ಸಿಕ್ಕಿತು. ಚುಚ್ಚಿದೆವು. ಫೋನ್ ಚಾರ್ಜ್ ಆಗತೊಡಗಿತು, ಕಂಪ್ಯೂಟರ್ ಮಾತ್ರ ಗಪ್‌ಚುಪ್.

"ಕರೆಂಟ್ ಹೋಗ್ತಿದೆ, ಫೋಟೋ ಯಾಕೆ ಬರಲ್ಲ?"

ನ್ಯಾಯವಾದ ಪ್ರಶ್ನೆ. ಸಾಮಾನ್ಯ ಯುಎಸ್‌ಬಿ ಕೇಬಲ್ಲಿನ ಒಳಗೆ ನಾಲ್ಕು ತಂತಿ ಇರುತ್ತವೆ. ಎರಡು ಕರೆಂಟಿಗೆ, ಎರಡು ಡೇಟಾಗೆ. ಅಗ್ಗದ ಕೆಲವು ವೈರುಗಳಲ್ಲಿ ಡೇಟಾ ತಂತಿ ಎರಡನ್ನೂ ಹಾಕಿರೋದೇ ಇಲ್ಲ. ಹೊರಗಿನಿಂದ ನೋಡಿದರೆ ಯಾವ ವ್ಯತ್ಯಾಸವೂ ಕಾಣಲ್ಲ. ಹಾಗಾಗಿ ಫೋನಿನ ಡಬ್ಬಿಯಲ್ಲೇ ಬಂದ ವೈರನ್ನು ಹುಡುಕಿ, ಅದಕ್ಕೊಂದು ಕೆಂಪು ದಾರ ಕಟ್ಟಿಡಿ. ಈ ಲೇಖನದಲ್ಲಿ ಇಷ್ಟೇ ನೆನಪಿಟ್ಟುಕೊಂಡರೂ ಸಾಕು.

ದೊಡ್ಡಪ್ಪನ ಒರಿಜಿನಲ್ ವೈರು ದೇವರ ಮನೆಯಲ್ಲಿತ್ತು. ಯಾಕೆ ಅಂತ ಕೇಳಲಿಲ್ಲ.

ಅದನ್ನು ಹಾಕಿದ ಕೂಡಲೇ ಕಂಪ್ಯೂಟರ್ "ಟಿಡಿಂಗ್" ಅಂತು. ಆದರೂ ಫೋಟೋ ಇಲ್ಲ. ಆಂಡ್ರಾಯ್ಡ್ ಫೋನು ವೈರು ಚುಚ್ಚಿದ ತಕ್ಷಣ ಸಾಮಾನ್ಯವಾಗಿ ಬರೀ ಚಾರ್ಜಿಗೆ ಒಪ್ಪುತ್ತೆ, ಬಾಗಿಲು ತೆಗೆಯೋದು ನಾವು ಹೇಳಿದ ಮೇಲೆ. ಹೇಳೋದು ಎಲ್ಲಿ? ಮೇಲಿಂದ ಕೆಳಗೆ ಬೆರಳು ಎಳೆದರೆ ನೋಟಿಫಿಕೇಶನ್‌ಗಳು ಬರುತ್ತವಲ್ಲ, ಸಾಲದ ಆಫರ್, ಕ್ರಿಕೆಟ್ ಸ್ಕೋರ್, ಹವಾಮಾನ ಎಲ್ಲಾ ದಾಟಿ ತೀರಾ ತಳದಲ್ಲಿ ಸಣ್ಣಕ್ಷರದಲ್ಲಿ 'ಯುಎಸ್‌ಬಿ ಮೂಲಕ ಚಾರ್ಜ್ ಆಗುತ್ತಿದೆ' ಅಂತ ಒಂದು ಸಾಲು ನಾಚಿಕೊಂಡು ಕೂತಿರುತ್ತೆ. ಅದನ್ನು ಒತ್ತಿ 'ಫೈಲ್ ಟ್ರಾನ್ಸ್‌ಫರ್' ಅಂತ ಆರಿಸಬೇಕು. ಬೇಕಾದ ಆಫರ್ ತಳದಲ್ಲಿ, ಬೇಡದ ಆಫರ್ ಮೇಲೆ. ಇದನ್ನು ಮಾಡಿದವರಿಗೆ ದೊಡ್ಡಪ್ಪಂದಿರು ಇರಲಿಲ್ಲವೇನೋ.

ಅಷ್ಟರಲ್ಲಿ ಅವರು ಕನ್ನಡಕ ಹುಡುಕಲು ಎದ್ದರು. ಫೋನ್ ಲಾಕ್ ಆಯ್ತು. ಲಾಕ್ ಆಗಿರೋ ಫೋನು ತನ್ನಲ್ಲಿರೋದನ್ನು ತೋರಿಸಲ್ಲ, ಫೋಲ್ಡರ್ ಖಾಲಿ ಖಾಲಿ. ಬಂದು ನೋಡಿದವರೇ "ಅಯ್ಯೋ, ಎಲ್ಲಾ ಡಿಲೀಟ್ ಮಾಡ್ಬಿಟ್ಯಲ್ಲೇ!" ಅಂತ ಕೂಗಿದ್ದಕ್ಕೆ ಅಡುಗೆಮನೆಯಿಂದ ದೊಡ್ಡಮ್ಮ ಸೌಟು ಹಿಡಿದೇ ಓಡಿಬಂದರು. ಲಾಕ್ ತೆಗೆದೆ. ಎಲ್ಲಾ ಇತ್ತು.

ಇನ್ನು ಫೋಟೋಗಳ ವಿಳಾಸ. 'ಫೋಟೋ' ಅಂತ ಹೆಸರಿಟ್ಟಿದ್ದರೆ ಏನಾಗ್ತಿತ್ತೋ, ಇಟ್ಟಿರೋದು 'ಡಿಸಿಐಎಂ'. 1998ರಲ್ಲಿ ಜಪಾನಿನವರು ಡಿಜಿಟಲ್ ಕ್ಯಾಮೆರಾಗಳಿಗೆ ಮಾಡಿದ ನಿಯಮ ಅದು, ಇವತ್ತಿನ ಆಂಡ್ರಾಯ್ಡೂ ಐಫೋನೂ ಅದನ್ನೇ ಪಾಲಿಸುತ್ತಿವೆ. ಅದರೊಳಗಿನ 'ಕ್ಯಾಮೆರಾ' ಫೋಲ್ಡರಿನಲ್ಲಿ ನೀವು ತೆಗೆದದ್ದು ಇರುತ್ತೆ. ವಾಟ್ಸ್ಯಾಪ್‌ನಲ್ಲಿ ಬಂದದ್ದು ಬೇಕಾದರೆ ಹೊಸ ಫೋನುಗಳಲ್ಲಿ 'ಆಂಡ್ರಾಯ್ಡ್' ಫೋಲ್ಡರ್, ಅದರೊಳಗೆ 'ಮೀಡಿಯಾ', ಅದರೊಳಗೆ 'ಕಾಮ್ ಡಾಟ್ ವಾಟ್ಸ್ಯಾಪ್', ಹೀಗೆ ಇಳಿಯುತ್ತಾ ಹೋಗಬೇಕು. ದೊಡ್ಡಪ್ಪ ಅಲ್ಲಿಗೂ ಇಳಿದು, ಎಲ್ಲಾ ಸೆಲೆಕ್ಟ್ ಮಾಡಿ ಕಾಪಿ ಕೊಟ್ಟೇಬಿಟ್ಟರು. ವರ್ಷಗಟ್ಟಲೆ ಬಂದ ಶುಭೋದಯಗಳು, ಗುಲಾಬಿ ಹೂವುಗಳು, ಮನೆಮದ್ದುಗಳು ಮೆರವಣಿಗೆ ಹೊರಟವು. ಕಂಪ್ಯೂಟರ್ ಮೊದಲು ಹನ್ನೆರಡು ನಿಮಿಷ ಅಂತು, ಆಮೇಲೆ ಮೂರು ಗಂಟೆ ಅಂತು, ಮತ್ತೆ ನಾಲ್ಕು ನಿಮಿಷ ಅಂತು. ಕಾಫಿ ಆಯ್ತು, ಬೋಂಡಾನೂ ಆಯ್ತು.

ಐಫೋನ್ ಇರೋ ಅತ್ತಿಗೆಯ ಕಥೆ ಬೇರೆ. ವೈರು ಹಾಕಿದಾಗ 'ಈ ಕಂಪ್ಯೂಟರನ್ನು ನಂಬಬಹುದೇ' ಅಂತ ಫೋನ್ ಕೇಳುತ್ತೆ, ಹ್ಞೂಂ ಅನ್ನಬೇಕು. ಅತ್ತಿಗೆ ಯಾರನ್ನೂ ಅಷ್ಟು ಸುಲಭಕ್ಕೆ ನಂಬೋರಲ್ಲ, ಬೇಡ ಅಂತ ಒತ್ತಿದ್ದರು. ನಂಬಿದ ಮೇಲೂ ಫೋಟೋಗಳು ಐಫೋನ್ ಜಾಗ ಉಳಿಸೋಕೆ ಬಳಸೋ ಎಚ್‌ಇಐಸಿ ರೂಪದಲ್ಲಿ ಬಂದು ಹಳೇ ವಿಂಡೋಸ್‌ನಲ್ಲಿ ತೆರೆಯಲೇ ಇಲ್ಲ. ಕ್ಯಾಮೆರಾ ಸೆಟ್ಟಿಂಗಿನ ಫಾರ್ಮ್ಯಾಟ್ಸ್‌ನಲ್ಲಿ 'ಮೋಸ್ಟ್ ಕಂಪ್ಯಾಟಿಬಲ್' ಇಟ್ಟರೆ ಮುಂದೆ ತೆಗೆಯೋ ಫೋಟೋಗಳು ಎಲ್ಲಾ ಕಡೆ ತೆರೆಯೋ ಜೆಪೆಗ್ ಆಗುತ್ತವೆ. ತೆಗೆದಾಗಿರೋ ನಿಶ್ಚಿತಾರ್ಥದ ಫೋಟೋಗಳು ಹಾಗೇ ಇರುತ್ತವೆ, ಅದಕ್ಕಾಗಿ ಮತ್ತೆ ನಿಶ್ಚಿತಾರ್ಥ ಮಾಡೋಕಾಗಲ್ಲ.

ಬ್ಲೂಟೂತ್ ಬಗ್ಗೆ ಕೇಳಲೇಬೇಡಿ. ನಾಮಕರಣದ ವಿಡಿಯೋ ಪೂರ್ತಿ ಹೋಗೋದರೊಳಗೆ ಮಗು ಎಲ್‌ಕೆಜಿಗೆ ಸೇರಿರುತ್ತೆ. ಮೊದಲು ಎಲ್ಲರ ಫೋನಿನಲ್ಲೂ ಇದ್ದ, ಫೈಲ್ ಕಳಿಸೋ ಆ್ಯಪ್ ಶೇರ್‌ಇಟ್ 2020ರ ಜೂನ್‌ನಲ್ಲಿ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳ ಜೊತೆ ಹೋಯ್ತು. ಈಗ ಗೂಗಲ್‌ನ ಕ್ವಿಕ್ ಶೇರ್ ವಿಂಡೋಸ್‌ಗೂ ಇದೆ, ವೈರು ಬೇಡ ಅನ್ನೋರಿಗೆ ಅದು ಚೆನ್ನಾಗಿದೆ.

ಒಂದು ಮಾತು ಮಾತ್ರ ದೊಡ್ಡಪ್ಪನಿಗೆ ಒತ್ತಿ ಹೇಳಿದ್ದೆ. ಕಟ್ ಮಾಡಬೇಡಿ, ಕಾಪಿ ಮಾಡಿ. ಕಟ್ ಮಾಡಿ ಹಾಕುವಾಗ ನಡುವೆ ವೈರು ಅಲುಗಾಡಿದರೆ ಫೋಟೋ ಎಲ್ಲೂ ಸಿಗದೇ ಹೋಗಬಹುದು. ಅವರು ಶ್ರದ್ಧೆಯಿಂದ ಕಾಪಿಯನ್ನೇ ಮಾಡಿದರು, 'ನ್ಯೂ ಫೋಲ್ಡರ್'ಗಳನ್ನು ಸಾಲಾಗಿ ಜೋಡಿಸಿದರು. ಮರುದಿನ ಬೆಳಿಗ್ಗೆ ಮೇಲಿನಿಂದಲೇ ಫೋನ್ ಮಾಡಿದರು.

"ಆ ಆಧಾರ್ ಫೋಟೋ ಬ್ಯಾಂಕಿನವರಿಗೆ ಫೋನಿಂದ ಕಳಿಸಬೇಕಂತೆ. ಕಂಪ್ಯೂಟರಿಂದ ವಾಪಸ್ ಫೋನಿಗೆ ಹೇಗೇ ಹಾಕೋದು?"

"ಅದು ಫೋನಲ್ಲೂ ಇದೆ ದೊಡ್ಡಪ್ಪ. ನೀವು ಕಾಪಿ ತಾನೇ ಮಾಡಿದ್ದು?"

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ.

"ಅದೆಲ್ಲಾ ಬೇಡ. ಗ್ರೂಪಿಗೆ ಹಾಕಿದ್ನಲ್ಲ, ಅಲ್ಲಿಂದಲೇ ತಗೋತೀನಿ."