ನಾಲ್ಕನೇ ಹಸು: ಆಟಕ್ಕುಂಟು, ಲೆಕ್ಕಕ್ಕಿಲ್ಲ

ಸಾಯುವುದಕ್ಕೂ ಒಂದು ರೀತಿ ನೀತಿ ಬೇಡವೇ? ನಮ್ಮ ದನಗಳಿಗೆ ಅದು ಗೊತ್ತೇ ಇಲ್ಲ. ನೆರೆ ಬಂದರೆ ಸಾಕು, ಮನಸ್ಸಿಗೆ ಬಂದಷ್ಟು ಸಂಖ್ಯೆಯಲ್ಲಿ ಸತ್ತುಬಿಡುತ್ತವೆ. ಆಮೇಲೆ ಪರಿಹಾರ ಬರಲಿಲ್ಲ ಅಂತ ರೈತ ಸರ್ಕಾರವನ್ನು ಬೈಯುತ್ತಾನೆ.

ರಾಜ್ಯ ವಿಪತ್ತು ಸ್ಪಂದನಾ ನಿಧಿಗೆ ಕೇಂದ್ರ ಗೃಹ ಸಚಿವಾಲಯ 2022ರಲ್ಲಿ ಕೊಟ್ಟ ಮಾರ್ಗಸೂಚಿಯನ್ನು ಒಂದು ಹಸುವಾದರೂ ಓದಿದ್ದರೆ ಈ ಗೋಳು ಇರುತ್ತಿರಲಿಲ್ಲ. ಹಾಲು ಕೊಡುವ ಹಸು, ಎಮ್ಮೆಗೆ 37,500 ರೂಪಾಯಿ. ಉಳುವ ಎತ್ತಿಗೆ 32,000. ಕುರಿ, ಮೇಕೆಗೆ 4,000. ದರ ನೋಡಿ ಖುಷಿಪಡಬೇಡಿ, ಮುಂದಿನ ಸಾಲು ಓದಿ. ಒಂದು ಮನೆಗೆ ಹಾಲಿನ ದೊಡ್ಡ ಪ್ರಾಣಿ ಮೂರೇ. ಹತ್ತು ಸತ್ತರೂ ಮೂರೇ.

ಹಾಗಾಗಿ ನಡುರಾತ್ರಿ ಕೊಟ್ಟಿಗೆಗೆ ನೀರು ನುಗ್ಗಿದಾಗ ಹಸುಗಳು ಗಾಬರಿಯಾಗಬಾರದು. ಮೊದಲು ಒಂದು ಸಭೆ ಸೇರಬೇಕು. ಯಾರು ಆ ಮೂವರು ಅಂತ ತೀರ್ಮಾನವಾಗಬೇಕು. ಅದರಲ್ಲೂ ಹಾಲು ಬತ್ತಿದ ಮುದಿ ಹಸು ತ್ಯಾಗಕ್ಕೆ ಮುಂದೆ ಬರುವುದು ಬೇಡ, ಯಾಕೆಂದರೆ ಪರಿಹಾರ ಇರುವುದು ಆರ್ಥಿಕವಾಗಿ ಉತ್ಪಾದಕವಾದ ಪ್ರಾಣಿಗಳಿಗೆ ಮಾತ್ರ. ಹಾಲು ಕೊಡುವ ಹಸುವೇ ಮುಳುಗಬೇಕು. ಮುಳುಗಿದ ಮೇಲೆ ಹೊಳೆಯ ಜೊತೆ ತೇಲಿಹೋಗುವ ಹಾಗೂ ಇಲ್ಲ. ಹೆಣ ಇಲ್ಲದಿದ್ದರೆ ಪಶುವೈದ್ಯರು ಮರಣೋತ್ತರ ಪರೀಕ್ಷೆ ಮಾಡುವುದು ಯಾವುದಕ್ಕೆ? ಗುರುತಿಗೆ ಹಾಕಿದ ಹನ್ನೆರಡು ಅಂಕಿಯ ಕಿವಿಯೋಲೆ ಕಾಣುವ ಹಾಗೆ, ಫೋಟೋಗೆ ಅನುಕೂಲವಾಗುವ ಹಾಗೆ, ಮನೆ ಹತ್ತಿರವೇ ಮಲಗಬೇಕು. ಸತ್ತವರಿಗೂ ಸ್ವಲ್ಪ ಜವಾಬ್ದಾರಿ ಇರುತ್ತದಲ್ವಾ?

ಕುರಿಗಳು ಸ್ವಲ್ಪ ಜಾಣರು. ಅವುಗಳಿಗೆ ಮೂವತ್ತರವರೆಗೆ ಅವಕಾಶ ಇದೆ. ಮೂವತ್ತು ಕುರಿಗೆ 1,20,000, ಮೂರು ಹಸುವಿಗೆ 1,12,500. ಇನ್ನೂರು ಕುರಿ ಕಳೆದುಕೊಂಡ ಕುರಿಗಾಹಿಯ ಉಳಿದ ನೂರ ಎಪ್ಪತ್ತು ಎಲ್ಲಿ ಹೋದವು ಅಂತ ಕೇಳಬೇಡಿ. ಅವು ಸ್ವಂತ ಖರ್ಚಿನಲ್ಲಿ ಸತ್ತವು.

ಕೋಳಿಯ ಕಥೆ ಇನ್ನೂ ಚೆನ್ನಾಗಿದೆ. ಒಂದಕ್ಕೆ ನೂರು ರೂಪಾಯಿ, ಆದರೆ ಒಂದು ಮನೆಗೆ ಹತ್ತು ಸಾವಿರ ದಾಟುವಂತಿಲ್ಲ. ನೂರನೇ ಕೋಳಿಯವರೆಗೆ ಅದು ವಿಪತ್ತು. ನೂರ ಒಂದನೇ ಕೋಳಿಯಿಂದ ಅದು ಬರೀ ಮಳೆ. ಐದು ಸಾವಿರ ಕೋಳಿ ಸಾಕಿದವನ ಶೆಡ್ಡೇ ಮುಳುಗಿದರೆ ತಲೆಗೆ ಎರಡು ರೂಪಾಯಿ ಬಿತ್ತು. ಆ ಕೋಳಿ ಬದುಕಿದ್ದಾಗ ಇಟ್ಟ ಒಂದು ಮೊಟ್ಟೆಯ ಬೆಲೆಯೂ ಅಲ್ಲ.

ಮಿತಿ ಇಟ್ಟಿರುವುದು ಸಣ್ಣ ರೈತರಿಗೂ ಹಣ ಮುಟ್ಟಲಿ ಅಂತ, ಎನ್ನುತ್ತಾರೆ. ಇರಲಿ, ಒಪ್ಪೋಣ. ಆದರೆ ನಾಲ್ಕು ಹಸು ಕಟ್ಟಿ ಡೇರಿಗೆ ಹಾಲು ಹಾಕುವವನು ಯಾವಾಗ ದೊಡ್ಡ ಜಮೀನ್ದಾರನಾದ?

ನನಗೆ ಆ ನಾಲ್ಕನೇ ಹಸುವಿನದ್ದೇ ಯೋಚನೆ. ಸತ್ತಿದೆ, ಊರಿಗೆಲ್ಲ ಗೊತ್ತು. ವಾಸನೆಯೂ ಬರುತ್ತಿದೆ. ಆದರೆ ಪರಿಹಾರದ ಪಟ್ಟಿಯಲ್ಲಿ ಅದು ಸತ್ತಿಲ್ಲ. ಸತ್ತಿಲ್ಲ ಅಂದಮೇಲೆ ಬದುಕಿರಲೇಬೇಕು. ಅದೇ ಮಾರ್ಗಸೂಚಿಯಲ್ಲಿ, ವಿಪತ್ತಿನ ವೇಳೆ ತೆರೆಯುವ ಜಾನುವಾರು ಶಿಬಿರಕ್ಕೆ ಬಂದ ದೊಡ್ಡ ಜಾನುವಾರಿಗೆ ಮೇವು, ನೀರು, ಔಷಧಿ ಎಲ್ಲ ಸೇರಿ ದಿನಕ್ಕೆ 80 ರೂಪಾಯಿ ಅಂತ ಬರೆದಿದೆ. ಅದನ್ನಾದರೂ ಕೊಡಿ ಸ್ವಾಮಿ. ಹಸು ಮೇವು ಜಾಸ್ತಿ ಕೇಳುವುದಿಲ್ಲ.