ಬಣ್ಣ ಬಳಿದು ನಮ್ಮನ್ನು ತೋರಿಸಬೇಡಿ

ಕೋಲಾರದ ಚಿನ್ನದ ಗಣಿಯೂರು ಕೆಜಿಎಫ್‌ನ ಸೈನೈಡ್ ದಿಬ್ಬಗಳ (ಚಿನ್ನ ತೆಗೆದ ಮೇಲೆ ಉಳಿದ ಗಣಿ ಮಣ್ಣಿನ ರಾಶಿಗಳ) ಬಳಿ ಇವತ್ತು ಚಿತ್ರೀಕರಣ ನೋಡಿ ಬಂದಾಗಿನಿಂದ ಮೈ ಉರಿಯುತ್ತಿದೆ. ಗಣಿ ಕಾರ್ಮಿಕನ ಮಗಳ ಪಾತ್ರಕ್ಕೆ ಬೆಳ್ಳಗಿನ ಹುಡುಗಿಯನ್ನು ಕರೆತಂದು ಅವಳ ಮುಖ, ಕತ್ತು, ಕೈಗಳಿಗೆ ಕಂದು ಬಣ್ಣ ಬಳಿಯುತ್ತಿದ್ದರು. ನಾಟಕದಲ್ಲಿ ಪಳಗಿದ ನನ್ನ ಅಕ್ಕನ ಮಗಳು ಅದೇ ಪಾತ್ರ ಕೇಳಿದ್ದಳು. ಮುಖಕ್ಕೆ ಕಳೆಯಿಲ್ಲ ಎಂದು ಅವಳನ್ನು ಗುಂಪಿನಲ್ಲಿ ನಿಲ್ಲಿಸಿದ್ದರು. ನಮ್ಮ ಬಣ್ಣ ಬೇಕು, ನಾವು ಬೇಡ!

ನಮ್ಮಪ್ಪ ಇಲ್ಲಿನ ಚಾಂಪಿಯನ್ ರೀಫ್‌ಗೆ ಇಳಿಯುತ್ತಿದ್ದವರು. ಮೂರು ಕಿಲೋಮೀಟರಿಗೂ ಹೆಚ್ಚು ಆಳದ ಗಣಿ. 1880ರಲ್ಲಿ ಬ್ರಿಟಿಷರ ಜಾನ್ ಟೇಲರ್ ಕಂಪನಿ ಬಂದ ಮೇಲೆ ಇಲ್ಲಿ ಮನುಷ್ಯರ ದರ್ಜೆ ನಿಂತದ್ದೇ ಬಣ್ಣದ ಮೇಲೆ. ಮೇಲೆ ಐರೋಪ್ಯರು, ನಡುವೆ ಆಂಗ್ಲೋ ಇಂಡಿಯನ್ನರು, ತಳದಲ್ಲಿ ತಮಿಳು ಜಿಲ್ಲೆಗಳಿಂದ ಬಂದ ದಲಿತ ಕೂಲಿಗಳು. ದೊರೆಗಳಿಗೆ ಬಂಗಲೆ, ಕ್ಲಬ್ಬು. ನಮ್ಮವರಿಗೆ ತಟ್ಟಿ ಗುಡಿಸಲು, ಪಾಳಿ ಮುಗಿಸಿ ಮೇಲೆ ಬಂದರೆ ಮೈ ತಡಕುವ ಕಾವಲುಗಾರರು. ಆ ದೊರೆಗಳು ಹೋಗಿ ಎಷ್ಟೋ ಕಾಲವಾಯಿತು, ಬಣ್ಣ ನೋಡಿ ಜಾಗ ತೋರಿಸುವ ಕೆಲಸವನ್ನು ಈಗ ಸಿನಿಮಾದವರು ಮಾಡುತ್ತಿದ್ದಾರೆ.

ಚಿನ್ನ, ದೇಶದ ಭದ್ರತೆ, ತ್ಯಾಗ, ಇದೇ ಚಿತ್ರದ ಕಥೆ ಎಂದು ಅಲ್ಲಿದ್ದವರು ಹೇಳಿದರು. 1991ರಲ್ಲಿ ವಿದೇಶಿ ವಿನಿಮಯ ಕೆಲವೇ ವಾರಗಳ ಆಮದಿಗೆ ಸಾಲುವಷ್ಟಕ್ಕೆ ಇಳಿದಾಗ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನ ಅಡವಿಟ್ಟು ಸಾಲ ತಂದಿತು. ದೇಶದ ಮಾನ ಕಾದದ್ದು ಚಿನ್ನ. ಅದಾಗಿ ಹತ್ತು ವರ್ಷ ತುಂಬುವ ಮೊದಲೇ, 2001ರ ಫೆಬ್ರವರಿ 28ರಂದು, ಚಿನ್ನ ಅಗೆಯುವವರ ಗಣಿಗೆ ಬೀಗ ಬಿತ್ತು. ಅದಿರು ತೆಳುವಾಗಿತ್ತು, ನಷ್ಟವಾಗುತ್ತಿತ್ತು, ಒಪ್ಪುತ್ತೇನೆ. ಶ್ವಾಸಕೋಶದಲ್ಲಿ ಕಲ್ಲಿನ ಧೂಳು ತುಂಬಿಕೊಂಡು ಕೆಮ್ಮುತ್ತಲೇ ಸತ್ತವರ ಲೆಕ್ಕ ಯಾವ ನಷ್ಟದ ಪಟ್ಟಿಗೆ ಸೇರಿತು? ಅವರ ಮಕ್ಕಳು ಇಂದಿಗೂ ನಸುಕಿಗೇ ಎದ್ದು ಮಾರಿಕುಪ್ಪಂನಲ್ಲಿ ಬೆಂಗಳೂರಿನ ರೈಲು ಹತ್ತುತ್ತಾರೆ. ತ್ಯಾಗದ ಕಥೆ ಬೇಕಿದ್ದರೆ ಆ ಬೋಗಿಯಲ್ಲಿ ಕುಳಿತು ಕೇಳಲಿ.

ಪಾತ್ರಕ್ಕೆ ಮೇಕಪ್ ಮಾಡಬಾರದೇ ಎಂದು ಗೆಳೆಯರೊಬ್ಬರು ಈಗಾಗಲೇ ಫೋನಿನಲ್ಲಿ ವಾದಿಸಿದರು. ಯುವಕನನ್ನು ಮುದುಕನನ್ನಾಗಿ ಮಾಡಲಿ, ಯಾರು ಬೇಡವೆಂದರು? ಕಪ್ಪು ಹುಡುಗಿ ಎದುರಿಗೇ ನಿಂತಿರುವಾಗ ಬಿಳಿ ಹುಡುಗಿಗೆ ಕಪ್ಪು ಬಳಿಯುವುದು ಮೇಕಪ್ ಅಲ್ಲ, ಅವಮಾನ. ಪ್ರೇಕ್ಷಕರು ಒಪ್ಪುವುದಿಲ್ಲ ಎಂಬ ಮಾತನ್ನಂತೂ ನಂಬುವುದೇ ಇಲ್ಲ. ಪ್ರೇಕ್ಷಕರಲ್ಲಿ ಹೆಚ್ಚಿನವರು ನಮ್ಮದೇ ಬಣ್ಣದವರು.

ಕೆಜಿಎಫ್‌ನ ಆಂಡರ್ಸನ್‌ಪೇಟೆ, ಕೋರಮಂಡಲ್, ಮಾರಿಕುಪ್ಪಂ, ಎಲ್ಲಿ ಹುಡುಕಿದರೂ ನಟಿಸಬಲ್ಲ ಮಕ್ಕಳು ಸಿಗುತ್ತಾರೆ. ಇಲ್ಲಿಗೆ ಬರುವ ನಿರ್ದೇಶಕರ ಪರಿಚಯ ನಿಮಗಿದ್ದರೆ ದಯವಿಟ್ಟು ಇದನ್ನು ತಲುಪಿಸಿ. ಗುಂಪಿನಲ್ಲಿ ನಿಲ್ಲಿಸುವ ಮೊದಲು ಆ ಮಕ್ಕಳ ಕೈಗೆ ಎರಡು ಪುಟ ಸಂಭಾಷಣೆ ಕೊಟ್ಟು ಓದಿಸಿ ನೋಡಲಿ.